ಹೊಳೆದಂಡೆಯ ಕರಿಮರ ಮತ್ತು ನಿನ್ನ ಜೇನುಕೊರಡು

ಲಿಹಿಮಾ, ಕಿಲ್ವಾ ಜಿಲ್ಲೆ
ರಂಜಾನಿನ ಇಪ್ಪತ್ತನೆಯ ಉಪವಾಸ, ಭಾನುವಾರ
೨೬ ಜೂನ್ ೨೦೧೬

ಪ್ರೀತಿಯ ಸೊಮೊಯೆ, ನನ್ನ ತಾಬಿಯಾಳ ಅಮ್ಮಾ,

ದೇವರ ಶಾಂತಿ ನಿನ್ನ ಮೇಲಿರಲಿ. ನಿನ್ನ ಎಡಮಂಡಿಯ ಮೇಲೆ ಒಂದು ಹಿಡಿ ಹೆಚ್ಚಾಗಿಯೇ ಇರಲಿ! ಹೇಗಿದ್ದೀಯ? ಬಾಣಂತಿ ಹೇಗಿದ್ದಾಳೆ? ಆ ಪುಟ್ಟ ಸುಲ್ತಾನ ರಾತ್ರಿ ನಿದ್ದೆ ಮಾಡುತ್ತಾನೋ, ಇಲ್ಲಾ ಅಜ್ಜನ ಗಂಟಲು ಅವನಿಗೂ ಬಂದು ದಾರ್ ಎಸ್ ಸಲಾಮ್ ಪಟ್ಟಣವನ್ನೇ ಎಬ್ಬಿಸುತ್ತಾನೋ? ಬಂದಿದ್ದರೆ ಬಯ್ಯಬೇಡ, ಅದು ನಮ್ಮ ವಂಶದ ಆಸ್ತಿ. ನಲವತ್ತು ದಿನದ ಬಾಣಂತನ ಮುಗಿಸದೆ ಬಸ್ ಹತ್ತಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಮರಗೆಣಸು ಬೇಯಿಸಲು ಕಲಿತಿದ್ದೇನೆ, ತಳ ಹಿಡಿಸಲೂ ಕಲಿತಿದ್ದೇನೆ. ಅಕ್ಷರ ಓಲಾಡುತ್ತಿದ್ದರೆ ಮುದುಕನಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಬಲಗಣ್ಣು ಒಂದಿಷ್ಟು ಮುಚ್ಚಿಕೊಂಡಿದೆ, ಆ ಕಥೆ ಮುಂದೆ ಬರುತ್ತದೆ. ಫೋನಿನಲ್ಲೇ ಹೇಳೋಣವೆಂದು ಸಿಗ್ನಲ್ ಸಿಗುವ ಗುಡ್ಡದ ಮೇಲೆ ಎರಡು ಸಲ ಹತ್ತಿದೆ. ಎರಡು ಸಲವೂ ಅಳಿಯ ಎತ್ತಿದ. ಅಳಿಯನಿಗೆ ಹೇಳುವ ಮಾತಲ್ಲ ಇದು. ಅದಕ್ಕೇ ಕಾಗದ ಬರೆದು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ.

ಈಗ ಪರದೆ ಸರಿಯಲಿ! ನೀನು ಹೋದ ಮರುವಾರವೇ ಊರ ಕಾಡಿನ ಸಮಿತಿ ಮಾವಿನ ಮರದ ಕೆಳಗೆ ಸೇರಿತು, ಅಧ್ಯಕ್ಷ ಪೀಠದಲ್ಲಿ ನಿನ್ನ ಗಂಡ. ಪೀಠ ಅಂದರೆ ಅದೇ ಒಂದು ಕಾಲು ಮುರಿದ ಸ್ಟೂಲು. ಈ ವರ್ಷದ ಕೊಯ್ಲು ನಂಗುವೆ ಹೊಳೆಯ ಎರಡೂ ದಂಡೆಯ ಪಾಲಿನಲ್ಲಿ ಎಂದು ಗೊತ್ತಾಯಿತು. ಬಣ್ಣ ಬಳಿದು ಗುರುತು ಮಾಡಿದ ಕರಿಮರಗಳನ್ನು ಮಾತ್ರ ಉರುಳಿಸುವುದು, ಬೀಜದ ಮರಗಳನ್ನೂ ಎಳೆಯವನ್ನೂ ಮುಟ್ಟದಿರುವುದು, ಆಮೇಲೆ ಆ ಪಾಲಿಗೆ ಮೊಮ್ಮಕ್ಕಳ ಕಾಲದವರೆಗೆ ವಿಶ್ರಾಂತಿ. ಬರುವ ದುಡ್ಡು ಆಸ್ಪತ್ರೆಯ ಹೆರಿಗೆ ಕೋಣೆಯ ಚಾವಣಿಗೆ. ಗೋಡೆ ಎದ್ದು ಎರಡು ಮಳೆಗಾಲ ಆಯಿತಲ್ಲ, ಒಳಗೆ ಮೇಕೆಗಳು ಹೆರುತ್ತಿವೆ! ಆದರೆ ಕಡಿಯುವ ಮೊದಲು ಸುಡಬೇಕು. ಹುಲ್ಲಿನ ತಲೆ ಒಣಗಿ ಬುಡ ಇನ್ನೂ ಹಸಿರಾಗಿರುವ ಈ ದಿನಗಳಲ್ಲೇ ತಣ್ಣನೆ ಬೆಂಕಿ ಹಾಯಿಸಿಬಿಟ್ಟರೆ, ಅದು ಬೆಕ್ಕಿನ ಹಾಗೆ ನೆಲ ಮೂಸಿಕೊಂಡು ಹೋಗುತ್ತದೆ. ಬಿಟ್ಟೆವೋ, ಅಕ್ಟೋಬರಿನಲ್ಲಿ ಯಾವನೋ ಹೊಲ ಸುಡುವವನ ಕಿಡಿ ಹಾರಿ ಬರುತ್ತದೆ. ಆಗ ಬರುವುದು ಬೆಕ್ಕಲ್ಲ, ಸಿಂಹ. ಎಳೆ ಮರಗಳನ್ನು ನುಂಗಿ, ದೊಡ್ಡ ಮರಗಳ ಹೊಟ್ಟೆ ಕೊರೆದು ಟೊಳ್ಳು ಮಾಡಿ ಹೋಗುತ್ತದೆ.

ಎಲ್ಲ ಸರಿ ಸೊಮೊಯೆ, ಆದರೆ ಆ ಪಾಲಿನಲ್ಲಿ ಟೊಳ್ಳು ಹೊಟ್ಟೆಯ ತುಂಬ ಹುಳು ಇಟ್ಟುಕೊಂಡು ನೇತಾಡುತ್ತಿರುವುದು ಯಾರ ಜೇನುಕೊರಡುಗಳು? ನಿನ್ನವು! ಹೊಗೆ ತಾಗಿದರೆ ಹುಳುಗಳು ಗೂಡು ಬಿಟ್ಟು ಹೋಗುತ್ತವೆ. ಇಳಿಸೋಣವೆಂದರೆ, ಒಬ್ಬರ ಕೊರಡನ್ನು ಇನ್ನೊಬ್ಬರು ಮುಟ್ಟಿದರೆ ಕಳವು, ದಂಡ ಒಂದು ಮೇಕೆ, ಗಂಡನಾದರೂ ಬಿಡುವುದಿಲ್ಲ. ಈ ಕಟ್ಟಳೆ ಮಾಡಿಸಿದವಳೂ ನೀನೇ. ಅದೂ ಅಲ್ಲದೆ, ಊರ ಮುಂದೆ ಗುಡುಗುವ ಈ ನಿನ್ನ ಗಂಡ ಒಂದು ಜೇನುಹುಳು ಕಂಡರೆ ಮೇಜಿನ ಕೆಳಗೆ ಸೇರುವವನು ಎಂಬುದು ನಿನಗಷ್ಟೇ ಗೊತ್ತಿದ್ದ ಗುಟ್ಟು. (ಈಗ ಊರಿಗೆಲ್ಲ ಗೊತ್ತು.) ಏನು ಮಾಡಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ರಂಗಕ್ಕೆ ಬಂದವಳು ಯಾರು? ನಿನ್ನ ಕುರುಥುಮು! ನಿಮ್ಮ ಎರಡು ಕುಲಗಳಿಗೆ ಅಜ್ಜಂದಿರ ಕಾಲದಿಂದ ತಮಾಷೆಯ ನಂಟು. ಅವಳು ನಿನ್ನನ್ನು ಕತ್ತೆಕಿರುಬ ಅನ್ನಬಹುದು, ಒಲೆಯ ಮೇಲಿನ ಪಾತ್ರೆಯನ್ನೇ ಎತ್ತಿಕೊಂಡು ಹೋಗಬಹುದು, ಯಾವ ಪಂಚಾಯಿತಿಯೂ ಕೇಳುವ ಹಾಗಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತು, "ಏ ಸದ್ದಿನ ಡಬ್ಬಾ, ಗಂಡಸರು ಮೀಟಿಂಗ್ ಮಾಡ್ತಾ ಕೂತ್ಕೊಳ್ಳಿ. ನಾನು ಹೋಗಿ ಆ ಕಿರುಬದ ಜೇನನ್ನೆಲ್ಲ ಕದ್ಕೊಂಡ್ ಬರ್ತೀನಿ, ಯಾವನ್ ತಡೀತಾನೆ ನೋಡೋಣ" ಅಂದಳು. ಯಾವನು ತಡೆಯುತ್ತಾನೆ! ಹೊಗೆಯ ಸೂಡಿ ಹಿಡಿದು, ನಿನ್ನ ಮೇಲೆ ಕಟ್ಟಿದ ಬೈಗುಳದ ಹಾಡು ಹೇಳುತ್ತ, ಹೊತ್ತು ಇಳಿಯುವಾಗ ಒಂದೊಂದೇ ಕೊರಡು ಇಳಿಸಿ ತನ್ನ ಅಂಗಳಕ್ಕೆ ಸಾಗಿಸಿದಳು. ನೀನು ಬಂದು ಬಿಡಿಸಿಕೊಳ್ಳಬೇಕಂತೆ. ಬಿಡುಗಡೆಯ ಬೆಲೆ ಏನು ಗೊತ್ತೇ? ದಾರ್‌ನಿಂದ ಒಂದು ಜೋಡಿ ಹೊಸ ಕಾಂಗಾ ಬಟ್ಟೆ. ಅದರ ಅಂಚಿನಲ್ಲಿ ಅಚ್ಚಾದ ಗಾದೆ ಅವಳ ಸೊಸೆ ಓದಿ ಉರಿದುಕೊಳ್ಳುವ ಹಾಗಿರಬೇಕಂತೆ.

ಇನ್ನು ಸುಡುವ ದಿನ. ಹೋದ ರಂಜಾನಿನಲ್ಲಿ ಏನಾಯಿತೆಂದು ನೆನಪಿದೆಯಲ್ಲ? ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಬೇಕೆಂಬ ಆತುರದಲ್ಲಿ ಹುಡುಗರು ನಡುಮಧ್ಯಾಹ್ನವೇ ಕಡ್ಡಿ ಗೀರಿದರು. ಬಿಸಿಲಿನ ಬೆಂಕಿ ನಾವು ಕೆರೆದಿಟ್ಟ ಗೆರೆ ಹಾರಿ ಮೇಸ್ತ್ರಿ ಕಿಂಡಂಬಾನ ಗೋಡಂಬಿ ತೋಟದೊಳಗೆ ನಡೆದುಬಿಟ್ಟಿತು. ಈ ಸಲವೂ ಅದೇ ರಾಗ: "ಯಜಮಾನ್ರೇ, ಬೇಗ ಹಚ್ಚಿ ಬೇಗ ಹೋಗೋಣ, ಹೊಟ್ಟೆ ತಾಳ ಹಾಕ್ತಿದೆ." ನಾನು ಎದ್ದು ನಿಂತೆ. ಶಾಲೆಯ ಅಂಗಳದ ನಾಟಕದಲ್ಲಿ ಬರಗಾಲದ ಪಾತ್ರ ಹಾಕಿ, ಮುಂದೆ ಕೂತ ಮಕ್ಕಳನ್ನು ಅಳಿಸಿದ ಗಂಟಲಲ್ಲವೇ ಇದು! "ಎಲೈ ಹೊಟ್ಟೆಬಾಕರೇ! ನಿಮ್ಮ ಹಸಿವು ಬೆಂಕಿಗೆ ಕಾಯಬೇಕು, ಬೆಂಕಿಯನ್ನು ಓಡಿಸಬಾರದು! ಮನೆಗೆ ಹೋಗಿ ಉಪವಾಸ ಬಿಡೋದೇನು, ಊಟವೇ ಕಾಡಿಗೆ ಬರಲಿ!" ಬಂದೇ ಬಂತು. ಹೆಂಗಸರು ಗಂಜಿ, ಖರ್ಜೂರ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮರಗೆಣಸು, ಹುರಿದ ಮೀನು ಎಲ್ಲ ತಲೆಯ ಮೇಲೆ ಹೊತ್ತು ತಂದರು. ನಾವು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಗಾಳಿ ಮಲಗಿದ್ದು ನೋಡಿ, ಕೆರೆದು ಬೋಳು ಮಾಡಿದ ಗೆರೆಯ ಉದ್ದಕ್ಕೂ ಹಸಿ ಕೊಂಬೆ ಹಿಡಿದು ನಿಂತು ಬೆಂಕಿ ಕೊಟ್ಟೆವು. ಸೊಮೊಯೆ, ಎಂಥ ಬೆಂಕಿ ಅದು! ಮೊಣಕಾಲೆತ್ತರ ಏಳಲಿಲ್ಲ. ಕರಿಮರದ ಬುಡ ಮುಟ್ಟಿ, ನಮಸ್ಕಾರ ಹೇಳಿ, ಮುಂದೆ ಹೋಯಿತು. ಸೂರ್ಯ ಇಳಿದಾಗ ಇಬ್ಬನಿಯೂ ಇಳಿಯಿತು, ಬೆಂಕಿ ತಾನಾಗಿಯೇ ಕಣ್ಣು ಮುಚ್ಚಿತು. ಆ ಬಿಸಿ ಬೂದಿಯ ಅಂಚಿನಲ್ಲಿ ನಿಂತು ನಾನೇ ಬಾಂಗು ಕೂಗಿದೆ. ಹೊಳೆಯ ಆಚೆ ಕೋತಿಗಳೂ ಉಪವಾಸ ಬಿಟ್ಟಿರಬೇಕು! ಮಸಿ ಮುಖಗಳೆಲ್ಲ ಒಂದೇ ಬೋಗುಣಿಯ ಸುತ್ತ ಕೂತು ಉಂಡೆವು. ನೀನಿರಬೇಕಿತ್ತು.

ಇಷ್ಟಕ್ಕೆ ನಾಟಕ ಮುಗಿಯಬೇಕಿತ್ತು. ಆದರೆ ಬೂದಿ ಆರಿದ ಮೇಲೆ ಕೊಯ್ಲಿನ ಮೇಸ್ತ್ರಿ ಕಿಂಡಂಬಾ ಬಣ್ಣದ ಡಬ್ಬಿ ಹಿಡಿದು ಪಾಲನ್ನೆಲ್ಲ ಸುತ್ತಿ ಬಂದು ನನ್ನ ಮುಂದೆ ಕೂತ. ಹೊಳೆದಂಡೆಯ ಹುತ್ತದ ಪಕ್ಕದ ಆ ದೊಡ್ಡ ಕರಿಮರ ಗೊತ್ತಲ್ಲ, ನೀನು ಪ್ರತಿವರ್ಷ ಮೊದಲ ಕೊರಡು ಕಟ್ಟುವ ಮರ? "ಅಧ್ಯಕ್ಷರೇ, ಜೇನುಕೊರಡು ಇರೋ ಮರ ಕಡೀಬಾರ್ದು ಅಂತ ಕಟ್ಟಳೆ, ಒಪ್ದೆ. ಈಗ ಆ ಮರದಲ್ಲಿ ಕೊರಡೆಲ್ಲಿದೆ? ಅದೊಂದನ್ನ ಉರುಳಿಸಿದ್ರೆ ಹೊಳೆಯಾಚೆ ಮೂರು ಸಣ್ಣ ಮರ ಉಳೀತವೆ, ಹೊಳೆ ದಾಟಿಸಿ ಹೊರೋದೂ ತಪ್ತದೆ. ಬಣ್ಣ ಹಚ್ಲಾ?" ಅಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಬುಡ ದಪ್ಪ, ನೇರ ಕಾಂಡ, ಒಳಗೆ ಅಮಾವಾಸ್ಯೆಯಂಥ ತಿರುಳು. ಬೀಜದ ಮರಗಳು ಪಕ್ಕದಲ್ಲಿ ಬೇಕಾದಷ್ಟಿವೆ. ಹೆರಿಗೆ ಕೋಣೆಯ ಅರ್ಧ ಚಾವಣಿ ಅದೊಂದೇ ಮರದಲ್ಲಿ ನಿಂತಿದೆ. "ನಾಳೆ ಬೆಳಗ್ಗೆ ಮರದ ಬುಡಕ್ಕೇ ಬಾ, ಅಲ್ಲೇ ಹೇಳ್ತೀನಿ" ಎಂದು ಕಳಿಸಿದೆ. ನೀನಿಲ್ಲದಾಗ ನಿನ್ನ ಮರದ ಬಗ್ಗೆ ಹೂಂ ಅನ್ನಲು ನಾಲಿಗೆ ಏಳಲಿಲ್ಲ. ಉಹೂಂ ಅನ್ನಲು ಕಾರಣ ಇರಲಿಲ್ಲ. ಕುರುಥುಮುವನ್ನೇ ಕೇಳೋಣವೆಂದು ಅವಳ ಅಂಗಳಕ್ಕೆ ಹೋದೆ. ಅವಳು ಒಂದು ಮಾತು ಹೇಳಿದಳು. ನಾನು ಇನ್ನೊಂದು ಕೇಳಲಿಲ್ಲ.

ಬೆಳಗಿನ ಜಾವದ ಊಟ ಮುಗಿಸಿ, ಫಜರ್ ನಮಾಜು ಮಾಡಿ, ಆ ಮರದಿಂದ ಇಳಿಸಿದ್ದ ನಿನ್ನ ಹಳೆಯ ಕೊರಡನ್ನು ನಾನೇ ಹೊತ್ತುಕೊಂಡು ಹೊರಟೆ. ಹೌದು, ನಾನೇ! ದಂಡದ ಮೇಕೆ ನನ್ನ ಲೆಕ್ಕಕ್ಕೆ ಬರೆದುಕೋ. ಕುರುಥುಮು ಹೊಗೆಯ ಸೂಡಿ ಹಿಡಿದು ಮುಂದೆ, ನಾನು ಹೆಗಲ ಮೇಲೆ ಗುಂಯ್‌ಗುಟ್ಟುವ ಸಾವನ್ನು ಹೊತ್ತು ಹಿಂದೆ. ಕರಿಮರದ ಮುಳ್ಳು ನನ್ನ ಅಂಗಿಯ ಲೆಕ್ಕ ತೀರಿಸಿತು. ಕವಲಿಗೆ ಹಗ್ಗ ಬಿಗಿಯುವಾಗ ಕೊರಡು ಜಾರಿ ಕಾಂಡಕ್ಕೆ ತಗುಲಿತು ನೋಡು, ಆಮೇಲೆ ನಡೆದದ್ದನ್ನು ಯಾವ ರಂಗದ ಮೇಲೂ ಆಡಿ ತೋರಿಸಲಾರೆ. ಕಿಂಡಂಬಾ ಡಬ್ಬಿ ಹಿಡಿದು ಬಂದಾಗ ಮರದಲ್ಲಿ ಕೊರಡು ತೂಗುತ್ತಿತ್ತು, ಬುಡದಲ್ಲಿ ಅಧ್ಯಕ್ಷ ಕೂತಿದ್ದ, ಅಧ್ಯಕ್ಷನ ಮುಖ ಹಲಸಿನ ಹಣ್ಣಾಗಿತ್ತು. "ಅಯ್ಯೋ ಅಧ್ಯಕ್ಷರೇ, ಮುಖಕ್ಕೇನಾಯ್ತು?" ಅಂದ. "ಕಟ್ಟಳೆ ಕಚ್ಚಿತು" ಅಂದೆ. ಅವನು ಮರ ನೋಡಿದ, ನನ್ನನ್ನು ನೋಡಿದ, ಪಕ್ಕದಲ್ಲಿ ನಿಂತ ಕುರುಥುಮುವನ್ನು ನೋಡಿದ, ಡಬ್ಬಿಯ ಮುಚ್ಚಳ ಹಾಕಿದ. ಹೊಳೆಯಾಚೆಯ ಮೂರು ಮರಕ್ಕೆ ಬಣ್ಣ ಬಿತ್ತು. ಹೊರೆ ಹೊಳೆ ದಾಟಿಸುವಾಗ ಮೊದಲ ಹೆಗಲು ಅಧ್ಯಕ್ಷನದ್ದೇ ಆಗಬೇಕೆಂದು ಅವನ ಷರತ್ತು, ಒಪ್ಪಿಕೊಂಡೆ. ಸಂಜೆ ಮಸೀದಿಯಲ್ಲಿ ಗುರುಗಳನ್ನು ಕೇಳಿದೆ, ಜೇನು ಕಚ್ಚಿದರೆ ಉಪವಾಸ ಮುರಿಯುತ್ತದೆಯೇ ಎಂದು. "ಅದು ನಿನ್ನ ಕಚ್ಚಿದ್ರೆ ಮುರಿಯಲ್ಲಪ್ಪ, ನೀನು ಅದನ್ನ ನೆಕ್ಕಿದ್ರೆ ಮುರೀತದೆ. ನಿಜ ಹೇಳು, ನೆಕ್ಕಿದ್ಯಾ?" ಅಂದರು. ಇಡೀ ಸಾಲು ನಕ್ಕಿತು. ಊರಿನವರಿಗೆ ಒಂದೇ ಆಶ್ಚರ್ಯ: ಅಷ್ಟು ಕಚ್ಚಿದರೂ ನನ್ನ ಕೂಗು ಊರಿಗೆ ಕೇಳಲಿಲ್ಲವಲ್ಲ ಎಂದು.

ತಾಬಿಯಾಳಿಗೆ ಅಪ್ಪನ ಆಶೀರ್ವಾದ. ಅಳಿಯನಿಗೆ ಸಲಾಂ, ಫೋನು ಅತ್ತೆಯ ಕೈಗೂ ಕೊಡಬಹುದೆಂದು ಹೇಳು. ಪುಟ್ಟ ಸುಲ್ತಾನನ ಅಂಗಾಲಿಗೆ ನನ್ನ ಮುತ್ತು. ನಿನ್ನ ಮಂಡಿಗೆ ಎಳ್ಳೆಣ್ಣೆ ಹಚ್ಚಲು ಮರೆಯಬೇಡ. ಈದ್ ಚಂದ್ರನನ್ನು ನೀನು ಅಲ್ಲಿಂದ ನೋಡು, ನಾನು ಇಲ್ಲಿಂದ ಒಂದೇ ಕಣ್ಣಿನಲ್ಲಿ ನೋಡುತ್ತೇನೆ.

ನಿನ್ನ,
ಶಾವೇಜಿ

ಮರೆತ ಮಾತು: ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕುರುಥುಮು ಹೇಳಿದ ಮಾತು ಇದು: "ಆ ಮರದ ಬುಡದಲ್ಲಿ ಗಡ್ಡದವರಿಗೆ ಕೆಲಸ ಇಲ್ಲ. ತಾಬಿಯಾಗಿಂತ ಮುಂಚಿನ ಮಳೆಗಾಲದಲ್ಲಿ ಅಲ್ಲಿ ಅಗೆದ ಕೈ ನಂದು." ನಾನು ಆ ಮಳೆಗಾಲ ಲಿಂಡಿಯ ಉಪ್ಪಿನ ಗದ್ದೆಯಲ್ಲಿದ್ದೆ. ಕಣ್ಣು ಬಿಡದೆ ಹೋದ ಕೂಸನ್ನು ಹೆಂಗಸರೇ ಒಯ್ದರು ಎಂದಷ್ಟೇ ಗೊತ್ತಿತ್ತು. ಎಲ್ಲಿಗೆ ಎಂದು ಗಂಡಸರು ಕೇಳುವ ಪದ್ಧತಿಯಿಲ್ಲ, ನೀನೂ ಹೇಳಲಿಲ್ಲ. ಇಷ್ಟು ವರ್ಷ ನೀನು ಜೇನಿಗಾಗಿ ಕೊರಡು ಕಟ್ಟುತ್ತೀಯ ಎಂದುಕೊಂಡಿದ್ದೆ. ಆ ಮರದ ಕೆಳಗೆ ನಾನು ಕೂಗಲಿಲ್ಲ ಸೊಮೊಯೆ, ಕಚ್ಚಿದಾಗಲೂ ಕೂಗಲಿಲ್ಲ; ಬೇಕಾದರೆ ಕುರುಥುಮುವನ್ನು ಕೇಳು. ನೀನು ಬಂದ ಮೇಲೆ, ಮನಸ್ಸಿದ್ದರೆ, ಒಂದು ಸಂಜೆ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗು. ಮನಸ್ಸಿಲ್ಲದಿದ್ದರೆ ಬೇಡ. ಕೊರಡಿನ ಹಗ್ಗ ಬದಲಿಸುವುದು ಮಾತ್ರ ಇನ್ನು ನನ್ನ ಕೆಲಸ.