ಸಾಕು ಎಂಬ ಸೀಸೆಯ ಹೆಸರು ಬದಲಿಸುವ ಕುರಿತು

ಫೆಬ್ರವರಿ ೩೧, ೨೬೪೧
ಮೂರನೇ ಓಣಿ, ಹನಿಕಟ್ಟೆ

ಸಸ್ಯವಿಜ್ಞಾನಿ ಡಾ. ಸಾಕವ್ವ ಕೊಣ್ಣೂರ ಅವರಿಗೆ ಹನಿಗಾರ ಮೊಗ್ಗಪ್ಪನ ಶರಣಾರ್ಥಿ.

ಮೊದಲು ತಾರೀಖಿನ ವಿಷಯ ಮುಗಿಸಿಬಿಡುತ್ತೇನೆ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನವಂತೆ. ಗಿಡ್ಡವೆಂಬ ಕಾರಣಕ್ಕೆ ಯಾರನ್ನೂ ಕಡೆಗಣಿಸಬಾರದೆಂದು ನಮ್ಮಲ್ಲಿ ಕಾನೂನಿದೆ. ತಿಂಗಳುಗಳಲ್ಲೆಲ್ಲ ಗಿಡ್ಡಾಗಿದ್ದ ಇದಕ್ಕೂ ಮೂರು ದಿನ ಸೇರಿಸಿ ದೊಡ್ಡವರ ಸಾಲಿಗೆ ನಿಲ್ಲಿಸಿದ್ದೇವೆ. ಈ ಪತ್ರ ನಿಮಗೆ ಮುಟ್ಟುವುದು ಹಿಂದಂಚೆಯಲ್ಲಿ, ಅಂದರೆ ನಿನ್ನೆಗಳಿಗೆ ಹೋಗುವ ಟಪಾಲಿನಲ್ಲಿ. ನಿಮ್ಮವರ ಟಪಾಲು ತಡವಾಗಿ ತಡವಾಗಿ ಮುಂದಿನ ತಲೆಮಾರಿಗೆ ಮುಟ್ಟುತ್ತಿತ್ತೆಂದು ಕೇಳಿದ್ದೇವೆ. ನಾವು ಅದನ್ನೇ ಮಗುಚಿ ಹಾಕಿದ್ದೇವೆ, ಅಷ್ಟೇ. ನನ್ನ ಮಾತು ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪು ನನ್ನದಲ್ಲ, ತಮ್ಮದು. ಅದನ್ನು ತಿಳಿಸಲೆಂದೇ ಬರೆಯುತ್ತಿದ್ದೇನೆ.

ಇನ್ನು ಹನ್ನೊಂದು ದಿನಕ್ಕೆ ನನ್ನ ಮಗಳು ಎಸಳವ್ವನಿಗೆ ಐದು ವರ್ಷ ತುಂಬುತ್ತದೆ. ಐದು ತುಂಬಿದ ದಿನ ಪ್ರತಿ ಮಗುವಿನ ನಾಲಿಗೆಯ ಮೇಲೂ ಒಂದು ಸಾಕುಹನಿ ಬೀಳಬೇಕು. ಹಾಕುವವನಿಗೆ ಹನಿಗಾರ ಎಂದು ಹೆಸರು, ಸರ್ಕಾರಿ ನೌಕರಿ. ಹನಿ ಬಿದ್ದ ಮೇಲೆ ಮಗುವಿಗೆ ಬುದ್ಧಿ ಬೆಳೆಯುತ್ತದೆ, ವಯಸ್ಸಾಗುತ್ತದೆ, ಕಾಲಕ್ಕೆ ಸರಿಯಾಗಿ ಮೀಸೆಯೂ ಬರುತ್ತದೆ. ಎತ್ತರ ಮಾತ್ರ ಅಲ್ಲಿಗೇ ನಿಲ್ಲುತ್ತದೆ. ನನಗೀಗ ನಲವತ್ತಾರು, ತಲೆ ಬೋಳಾಗಿದೆ. ಪೇಟ ಸುತ್ತಿಕೊಂಡು ನಿಂತರೆ ನಿಮ್ಮ ಸೊಂಟಕ್ಕೆ ಬರುತ್ತೇನೆ. ದೊಡ್ಡ ಮಗನಿಗೆ ಏಳು ವರ್ಷದ ಹಿಂದೆ ನಾನೇ ಹಾಕಿದೆ. ಅಪ್ಪ ಮಗ ಇಬ್ಬರೂ ಒಂದೇ ಅಂಗಿ ತೊಡುತ್ತೇವೆ. ಆ ಹನಿ ತಾವು ಕಂಡುಹಿಡಿದದ್ದು.

ನಮ್ಮ ಶಾಲೆಗಳಲ್ಲಿ ನಿಮ್ಮ ಚರಿತ್ರೆ ಬಾಯಿಪಾಠ. ಅದರ ಪ್ರಕಾರ ನೀವು ಲೋಕವನ್ನೆಲ್ಲ ಸಾಕಿದ ತಾಯಿ, ಅದಕ್ಕೇ ಸಾಕವ್ವ. ಕಟ್ಟೆಯ ಮೇಲೆ ನಿಮ್ಮ ಕಲ್ಲಿನ ಮೂರ್ತಿಯಿದೆ. ನಮ್ಮ ಹೆಂಗಸರು ಅದರ ಮೊಣಕಾಲಿಗೆ ಕುಂಕುಮ ಹಚ್ಚುತ್ತಾರೆ, ಅದಕ್ಕಿಂತ ಮೇಲೆ ಕೈ ಎಟುಕುವುದಿಲ್ಲ. ನಿಜವಾದ ಚರಿತ್ರೆ ನನಗೆ ಸಿಕ್ಕಿದ್ದು ಹೋದ ತಿಂಗಳು. ನಿಮ್ಮ ಪ್ರಯೋಗಾಲಯದ ಹಳೆಯ ಗೋಡೆ ಕೆಡವುವಾಗ, ಒಳಗಿನ ಗೂಡಿನಲ್ಲಿ ನಿಮ್ಮ ನೋಟ್‌ಬುಕ್ಕು ಇತ್ತು.

ಓದಿದೆ. ನಾಲ್ಕು ಹೆಣ್ಣಾದ ಮೇಲೆ ಐದನೆಯವರಾಗಿ ಹುಟ್ಟಿದಿರಿ. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲೆಂದು ಸಾಕವ್ವ ಎಂದು ಹೆಸರಿಟ್ಟರು. ದೇವರ ಕಿವಿ ಮಂದ, ಆರನೆಯದೂ ಹೆಣ್ಣಾಯಿತು. ನೀವು ಓದಿದಿರಿ, ಡಾಕ್ಟರೇಟು ಪಡೆದಿರಿ, ಕೈಯಲ್ಲಿ ಸ್ಕೇಲು ಹಿಡಿದು ಇಪ್ಪತ್ತೇಳು ವರ್ಷ ಜೋಳದ ದಂಟು ಅಳೆದಿರಿ. ಜೋಳ ಎತ್ತರ ಹೋದಷ್ಟೂ ಗಾಳಿಗೆ ಮಲಗುತ್ತದೆ, ಮಲಗಿದ ಬೆಳೆ ಮಣ್ಣುಪಾಲು. ಹೀಗಾಗಿ ಗಿಡ ಬೆಳೆಸುವ ಹಾರ್ಮೋನಿನ ಹಿಂದೆ ಬಿದ್ದಿದ್ದ ಜಗತ್ತಿಗೆ ಬೆನ್ನು ಮಾಡಿ, "ಉದ್ದ ಆದದ್ದು ಸಾಕು, ಇನ್ನು ತೆನೆ ಕಟ್ಟು" ಎಂದು ದಂಟಿಗೆ ಹೇಳುವ ಹಾರ್ಮೋನನ್ನು ಹುಡುಕಿದಿರಿ. ನಿಮ್ಮ ವಿಭಾಗದ ಮುಖ್ಯಸ್ಥ, ಪ್ರೊಫೆಸರ್ ರಾಚಪ್ಪ ಢವಳಗಿಯವರು ತುಂಬಿದ ಸಭೆಯಲ್ಲಿ ಅಂದದ್ದನ್ನೂ ಬರೆದಿಟ್ಟಿದ್ದೀರಿ: "ಮೇಡಮ್ಮಾರ, ಜಗತ್ತೆಲ್ಲಾ ಬೆಳಸೂ ಹಾರ್ಮೋನು ಹುಡುಕಾಕತ್ತೈತಿ, ನೀವು ನಿಲ್ಲಸೂದು ಹುಡುಕೀರಿ. ನಿಮ್ಮ ಪ್ರಮೋಶನ್ನಿಗೂ ಎರಡು ಹನಿ ಹಾಕೀರೇನ ಮತ್ತ?" ಎಲ್ಲರೂ ನಕ್ಕರಂತೆ. ಕ್ಷಮಿಸಿ, ಓದುವಾಗ ನಾನೂ ನಕ್ಕೆ.

ಹಾರ್ಮೋನು ಕೆಲಸ ಮಾಡಿತು, ನಗು ನಿಂತಿತು, ಢವಳಗಿಯವರು ಸಂಶೋಧಕರಾದರು. ಹದಿನಾಲ್ಕು ಪ್ರಬಂಧ ಅಚ್ಚಾದವು. ಮೊದಲನೆಯದರಲ್ಲಿ ನಿಮ್ಮ ಹೆಸರು ಎರಡನೆಯದು, ಐದನೆಯದರಲ್ಲಿ ನಾಲ್ಕನೆಯದು, ಹದಿನಾಲ್ಕನೆಯದರಲ್ಲಿ ಗಿಡಕ್ಕೆ ನೀರು ಹಾಕಿದ ಮಾಲಿಯ ಜೊತೆ ಕೃತಜ್ಞತೆಯ ಸಾಲಿನಲ್ಲಿ. ಮಾಲಿಯದೇ ಮೊದಲು.

ಆಮೇಲೆ ಆ ನವೆಂಬರ್ ಬಂತು. ರಾಜ್ಯೋತ್ಸವದ ಲೆಕ್ಕಕ್ಕೆ, ಪ್ರಯೋಗಾಲಯದ ಎಲ್ಲ ಸೀಸೆಗೂ ಕನ್ನಡದ ಹೆಸರು ಹಚ್ಚಬೇಕೆಂದು ಸುತ್ತೋಲೆ ಹೊರಟಿತು. ಢವಳಗಿಯವರು ಸನ್ಮಾನಕ್ಕೆ ಹೋಗಿದ್ದರು. ನೀವು ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಪಟ್ಟಿಯ ತುಂಡೊಂದನ್ನು ಸೀಸೆಗೆ ಅಂಟಿಸಿ ಬರೆದಿರಿ: ಸಾಕು. ಕುಡಿಗೆ ಒಂದು ಹನಿ. ಆ ರಾತ್ರಿಯ ಟಿಪ್ಪಣಿ ನನಗೆ ಬಾಯಿಪಾಠವಾಗಿದೆ. "ನನ್ನ ಹೆಸರನ್ನು ಎಲ್ಲ ಕಡೆಯಿಂದ ತೆಗೆದರು. ಇಲ್ಲಿಂದ ತೆಗೆಯಲಾರರು. ಕೇಳಿದರೆ, ಸಾಕು ಅಂದ್ರ ಸಾಕ್ರೀ ಸರ್, ಅಂತೀನಿ." ಇಪ್ಪತ್ತೇಳು ವರ್ಷದಲ್ಲಿ ನೀವು ಗೆದ್ದದ್ದು ಆ ಒಂದು ಬೆರಳುದ್ದದ ಪಟ್ಟಿ.

ಪ್ಲಾಸ್ಟರ್ ಭಾರೀ ಗಟ್ಟಿ. ನಿಮ್ಮ ಇಂಗ್ಲಿಷ್ ಪ್ರಬಂಧಗಳು ಯಂತ್ರಗಳ ಜೊತೆ ಸತ್ತವು, ಸೀಸೆ ಉಳಿಯಿತು. ಮುನ್ನೂರು ವರ್ಷದ ಮೇಲೆ ಅದು ನಮ್ಮ ಪದಪಂಚರ ಕೈಗೆ ಸಿಕ್ಕಿತು. ಪದಪಂಚರೆಂದರೆ ಹಳೆಯ ಮಾತಿಗೆ ಅರ್ಥ ತೀರ್ಮಾನಿಸುವ ಐವರು ಹಿರಿಯರು. ಅವರು ಅಂದದ್ದೇ ಅರ್ಥ. ಒಬ್ಬ ಬಡಪಾಯಿ, ಸಾಕು ಅಂದರೆ ಇನ್ನು ಬೇಡ ಅಂತ ಇರಬಹುದೇ ಎಂದನಂತೆ. "ತುಂಬಿದ ಸೀಸೆ ಮ್ಯಾಲೆ ಯಾವ ಶಾಣ್ಯಾ ಬ್ಯಾಡ ಅಂತ ಬರೀತಾನೋ?" ಎಂದು ಮಿಕ್ಕವರು ಬಾಯಿ ಮುಚ್ಚಿಸಿದರು. ಸಾಕು ಅಂದರೆ ಸಲಹು, ಪೋಷಿಸು. ಕುಡಿ ಅಂದರೆ ವಂಶದ ಕುಡಿ, ಅಂದರೆ ಮಗು. ಮಗುವಿಗೆ ಒಂದು ಹನಿ ಹಾಕಿ ಸಾಕಬೇಕು. ಹಾಗೆ ಸಾಕಲು ಹೇಳಿದವಳು ಸಾಕವ್ವ. ವ್ಯಾಕರಣದಲ್ಲಿ ಎಲ್ಲಿಯೂ ತಪ್ಪಿಲ್ಲ, ಡಾಕ್ಟರೇ. ನೀವೇ ಬಂದಿದ್ದರೂ ವಾದದಲ್ಲಿ ಸೋಲುತ್ತಿದ್ದಿರಿ. ನೀವು ಅಂದದ್ದು ಜೋಳದ ಕುಡಿ ಎಂದು ಹೇಳಲು ಅಲ್ಲಿ ಜೋಳವೊಂದೂ ಇರಲಿಲ್ಲ.

ಆ ಸೀಸೆಯದನ್ನೇ ನೋಡಿ ಕಾಸಿದ ಹನಿಯೆಲ್ಲ ಮಕ್ಕಳಿಗೆ ಹೋದದ್ದರಿಂದ ಜೋಳಕ್ಕೆ ಏನೂ ಉಳಿಯಲಿಲ್ಲ. ಅದು ಈಗ ಹದಿನಾರು ಅಡಿ ಬೆಳೆಯುತ್ತದೆ, ಗಾಳಿ ಬಂದರೆ ನಮ್ಮ ಮೇಲೆ ಮಲಗುತ್ತದೆ. ಹೋದ ಸುಗ್ಗಿಯಲ್ಲಿ ನಮ್ಮ ಓಣಿಯ ಒಂಬತ್ತು ಮಂದಿ ತೆನೆ ಬಿದ್ದು ತೀರಿಕೊಂಡರು. ಹೆಣ ಹುಡುಕಿದವರಲ್ಲಿ ಇಬ್ಬರು ದಾರಿ ತಪ್ಪಿದರು. ಕೋಳಿಗೆ ಯಾರೂ ಹನಿ ಹಾಕಿಲ್ಲ. ಅದಕ್ಕೆ ನಾವು ಪೊಲೀಸರಿಗಿಂತ ಹೆಚ್ಚು ಹೆದರುತ್ತೇವೆ. ಮೊಟ್ಟೆ ತರಲು ನಾಲ್ವರು ಹೋಗುತ್ತಾರೆ, ಮೂವರು ಬಂದರೆ ಸಂತೋಷಪಡುತ್ತೇವೆ. ನಿಮ್ಮ ಕಾಲದ ಬಾಗಿಲುಗಳಿಗೆ ಏಣಿ ಇಟ್ಟು ಚಿಲಕ ತೆಗೆಯುತ್ತೇವೆ. ಇಷ್ಟೆಲ್ಲ ಆದರೂ, ಸಾಕವ್ವ ನಮ್ಮನ್ನು ಚೆನ್ನಾಗಿ ಸಾಕಿದ್ದಾಳೆ ಎಂದು ಪ್ರತಿ ಊಟಕ್ಕೂ ಮೊದಲು ಹೇಳುತ್ತೇವೆ.

ನೋಟ್‌ಬುಕ್ಕನ್ನು ಈಗಿನ ಪದಪಂಚರಲ್ಲಿ ಹಿರಿಯಳಾದ ಗಂಧವ್ವನಿಗೆ ತೋರಿಸಿದೆ. ಎರಡು ಸಲ ಓದಿದಳು. "ಖರೇ ಐತಿ ನೋಡಪಾ," ಎಂದಳು. "ಆದ್ರ ಇವತ್ತ ಒಂದು ಹುಡುಗೀನ ಉದ್ದಕ್ಕ ಬಿಟ್ರ ನಾಳೆ ಆಕಿ ನಮ್ಮನ್ನ ಹಿಂದಿನ ಮಂದಿ ಕೋಳಿ ಸಾಕಿದಂಗ ಸಾಕ್ತಾಳ. ನಿನ್ನ ಮಗಳೊಬ್ಬಾಕಿ ಸಲುವಾಗಿ ಅರ್ಥಾ ಬದಲಿ ಮಾಡಾಕ ಆಗೂದಿಲ್ಲ." ಪುಸ್ತಕವನ್ನು ಒಲೆಗೆ ಹಾಕಿ, ನನಗೆ ಚಹಾ ಕಾಸಿ ಕೊಟ್ಟಳು. ಒಳ್ಳೆಯ ಚಹಾ.

ಹನಿ ತಪ್ಪಿಸಿದ ಮಗುವನ್ನು ಆರನೇ ವರ್ಷಕ್ಕೆ ಜೋಳದ ಆಚೆ ಬಿಟ್ಟು ಬರುತ್ತಾರೆ. ಎರಡು ವರ್ಷದ ಹಿಂದೆ ಒಬ್ಬನನ್ನು ಬಿಟ್ಟರು. ಅವನ ಅಳು ನಾಲ್ಕು ದಿನ ಕೇಳಿಸಿತು. ನನ್ನ ಹೆಂಡತಿ ಅದನ್ನು ಮರೆತಿಲ್ಲ. "ಹನಿ ಹಾಕಿಸ್ರಿ," ಎನ್ನುತ್ತಾಳೆ, "ಗಿಡ್ಡಾದ್ರೂ ಮನ್ಯಾಗ ಇರ್ತಾಳ."

ಆದ್ದರಿಂದ ವಿನಂತಿ. ಆ ಪಟ್ಟಿ ಕಿತ್ತು ಬೇರೆ ಹೆಸರು ಬರೆಯಿರಿ. ಯಾವುದೆಂದು ಬಹಳ ಯೋಚಿಸಿದೆ. ನಿಲ್ಲು ಎಂದು ಬರೆದರೆ, ಇನ್ನೂ ನಿಲ್ಲಲು ಬಾರದ ಕೂಸಿಗೆ ಕುಡಿಸುತ್ತಾರೆ. ಬೇಡ ಎಂದು ಬರೆದರೆ ಬೇಟೆಯವರನ್ನು ಕರೆದು ಕುಡಿಸುತ್ತಾರೆ. ನಮ್ಮ ಭಾಷೆಯಲ್ಲಿ ಎರಡು ಅರ್ಥವಿಲ್ಲದ ಮಾತು ಸಿಗುವುದು ಕಷ್ಟ. ಕೊನೆಗೆ ಒಂದು ಸಿಕ್ಕಿತು: ಢವಳಗಿ. ಅದಕ್ಕೆ ಅರ್ಥವೇ ಇಲ್ಲ, ಮೊದಲ ಅಕ್ಷರವನ್ನು ನಮ್ಮಲ್ಲಿ ಯಾರೂ ಉಚ್ಚರಿಸಲಾರರು. ಇಂಥ ಹೆಸರಿನ ಸೀಸೆಯಿಂದ ಯಾವ ತಾಯಿಯೂ ಮಗುವಿಗೆ ಕುಡಿಸುವುದಿಲ್ಲ. ಹನಿ ಜೋಳದ ಕುಡಿಗೆ ಹೋಗುತ್ತದೆ, ಮೂರ್ತಿ ಅವರದಾಗುತ್ತದೆ, ಕುಂಕುಮ ಅವರ ಮೊಣಕಾಲಿಗೆ ಹೋಗುತ್ತದೆ, ನೀವು ಹುಟ್ಟಿದ್ದಿರೆಂಬುದೂ ಯಾರಿಗೂ ಗೊತ್ತಾಗುವುದಿಲ್ಲ. ಅವರು ಎಲ್ಲ ತೆಗೆದ ಮೇಲೂ ಉಳಿದ ಒಂದನ್ನು ನೀವೇ ನಿಮ್ಮ ಕೈಯಿಂದ ತೆಗೆಯಬೇಕು ಎಂದು ಕೇಳುತ್ತಿದ್ದೇನೆ. ಕೇಳಲು ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ, ನಿಮಗೆ ಹೆಸರು, ನನಗೆ ಮಗಳು.

ನಿನ್ನೆ ಎಸಳವ್ವನನ್ನು ಬಾಗಿಲಿಗೆ ಒರಗಿಸಿ ಅಳೆದೆ. ನನ್ನ ಹುಬ್ಬಿಗೆ ಬಂದಿದ್ದಾಳೆ. "ಅಪ್ಪಾ, ನಿನ್ನಕಿಂತಾ ಉದ್ದ ಆದ್ರ ಬೈತೀಯೇನ?" ಎಂದು ಕೇಳಿದಳು. ಮೊದಲು ಆಗವ್ವ, ಆಮೇಲೆ ನೋಡೋಣು, ಎಂದೆ.

ಪಾಳಿಯ ಪಟ್ಟಿ ಇವತ್ತು ಬಂತು. ಆ ದಿನ ಮೂರನೇ ಓಣಿಗೆ ಹನಿ ಹಾಕುವವನು ನಾನೇ. ಆ ಹೆಸರು ಬೇಗ ಬರೆಯಿರಿ, ತಾಯೀ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನನ್ನ ಕೈ ಒಂದು ಮಗುವಿನ ನಾಲಿಗೆಯನ್ನೂ ತಪ್ಪಿಸಿದ್ದಿಲ್ಲ.