ಚಕ್ಕುಲಿಗೆ ಒಡೆಯದ ಹಲ್ಲು

ಹೆಗ್ಗನಹಳ್ಳಿ
ಶನಿವಾರ

ಡಾಕ್ಟರ್ ಅಪೂರ್ವ ಅವರಿಗೆ,

ನಿನ್ನೆ ನಿಮ್ಮ ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ಕೂಗಾಡಿದವಳು ನಾನೇ. ನನ್ನ ಸೊಸೆ ಸ್ಪಂದನಳಿಗೆ ನೀವು ಕೂರಿಸಿದ ಹಲ್ಲಿನ ಕ್ಯಾಪ್ ಕಳಪೆ, ಚಕ್ಕುಲಿ ಕಡಿದದ್ದಕ್ಕೇ ಒಡೆಯಿತು ಎಂದೆ. ನೀವು ಒಡೆದ ಕ್ಯಾಪನ್ನು ದೀಪದಡಿ ಹಿಡಿದು, "ಮೇಲಿನ ಪಿಂಗಾಣಿ ಅಂಟು ಬಿಟ್ಟಿದ್ರೆ ಒಳಗಿನ ಲೋಹ ಬೋಳಾಗಿ ಕಾಣ್ತಿತ್ತು, ಅಮ್ಮ. ಪಿಂಗಾಣಿ ಅದಕ್ಕೆ ಇನ್ನೂ ಕಚ್ಕೊಂಡೇ ಇದೆ. ಇದು ಜೋರು ಪೆಟ್ಟಿಗೆ ಸೀಳಿರೋದು" ಎಂದಿರಿ. "ಹಲ್ಲಿನ ಡಾಕ್ಟ್ರಿಗೆ ಪೊಲೀಸ್ ಕೆಲ್ಸ ಯಾಕ್ರೀ?" ಎಂದು ನಾನು ಎದ್ದು ಬಂದೆ.

ನಾನು ಮಾಡುವ ಚಕ್ಕುಲಿ ಬಾಯಲ್ಲಿಟ್ಟರೆ ಕರಗುತ್ತದೆ. ನನ್ನ ಮಗ ಅವಳ ಬಾಯಿಗೆ ಹೆಲ್ಮೆಟ್ಟಿನಿಂದ ಮೂರು ಸಲ ಹೊಡೆದ. ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಗೋಡೆಯ ರಕ್ತ ಒರೆಸಿದವಳೂ ನಾನೇ. ಇವತ್ತು ಬೆಳಿಗ್ಗೆ ಮತ್ತೆ ಹೆಲ್ಮೆಟ್ ಎತ್ತಿದ. ಈ ಸಲ ಅಡ್ಡ ನಿಂತೆ. ನನ್ನ ಎಡಗೈ ಮುರಿದಿದೆ.

ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ನಿಮ್ಮ ಕೆಲಸ ಗಟ್ಟಿಯಾಗಿತ್ತು. ಈ ಪತ್ರ ತಂದಿರುವವಳು ಸ್ಪಂದನ. ನೀವು ನಿನ್ನೆ ಹೇಳಿದ್ದನ್ನೇ ಬರೆದು, ಒಡೆದ ಕ್ಯಾಪಿನ ಜೊತೆ ಅವಳ ಕೈಗೆ ಕೊಡಿ. ಅಲ್ಲಿಂದ ಅವಳು ನೇರ ಸ್ಟೇಷನ್ನಿಗೆ ಹೋಗುತ್ತಾಳೆ. ಹೊಡೆದವನ ಹೆಸರು ಹೇಳಲು ಅವಳು ಹಿಂಜರಿದರೆ, ಲೋಕೇಶ, ಗಂಗಲಕ್ಷ್ಮಮ್ಮನ ಮಗ ಎಂದು ನೀವೇ ಬರೆಯಿರಿ.

ಇಂತಿ,
ಗಂಗಲಕ್ಷ್ಮಮ್ಮ