ಅವ್ವನ ಕೈ ಬಿಚ್ಚಿದವಳಿಗೆ

ಭಾಲ್ಕಿ
೧೩ ಅಕ್ಟೋಬರ್ ೨೦೨೪

ಗೆಳತಿ ಮಹಾಮಾಯಾ,

ಜೈ ಭೀಮ್. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಡ್ಯೂಟಿ ಇತ್ತೆಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ಸುಳ್ಳು. ನಿನ್ನ ದನಿ ಕೇಳಿದರೆ ಮತ್ತೆ ಅಭಿನಂದನೆ ಹೇಳಿ, ನಕ್ಕು, ಫೋನ್ ಇಟ್ಟುಬಿಡುತ್ತೇನೆಂದು ಹೆದರಿ ಎಷ್ಟೋ ವರ್ಷಗಳ ಮೇಲೆ ಕಾಗದ ಬರೆಯಲು ಕೂತಿದ್ದೇನೆ. ತಡವಾಯಿತು, ಸಿಟ್ಟಾಗಬೇಡ.

ಅವ್ವ ಊರಲ್ಲಿ, ಡಾಬಕಾದಲ್ಲಿ, ಆರಾಮಾಗಿದ್ದಾಳೆ. ಅಂಗಳದ ತನಕ ತಾನೇ ನಡೆಯುತ್ತಾಳೆ. ತಮ್ಮ ವಿಶ್ವಾಸ ತೊಗರಿಗೆ ಔಷಧ ಹೊಡೆಯುವ ಗಡಿಬಿಡಿಯಲ್ಲಿದ್ದಾನೆ. ನಮ್ಮ ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಯ ಐಸಿಯು ಶುರುವಾಗಿದೆ. ನನ್ನನ್ನೇ ಇನ್‌ಚಾರ್ಜ್ ಮಾಡಿದ್ದಾರೆ. ಇದನ್ನು ನಿನಗೇ ಮೊದಲು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಬೀದರದ ನಿನ್ನ ಐಸಿಯು ಇಪ್ಪತ್ತು ಹಾಸಿಗೆಯದು.

ಹೊಟ್ಟೆಕಿಚ್ಚು. ಆ ಮಾತನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಬೀದರದ ನರ್ಸಿಂಗ್ ಸಮಾವೇಶದಲ್ಲಿ ನೀನು ನಿನ್ನ ಅಧ್ಯಯನ ಮಂಡಿಸುವಾಗ ನಾನು ಮೂರನೆಯ ಸಾಲಿನಲ್ಲಿದ್ದೆ. ತರಬೇತಿಯ ಮೂರೂ ವರ್ಷ ತರಗತಿಗೇ ಮೊದಲಿಗಳಾಗಿ ಬಂದವಳು ನಾನು. ನನ್ನ ನೋಟ್ಸ್ ಓದಿ ಪಾಸಾದವಳು ನೀನು. ಆ ನೀನು ನೀಲಿ ಸೀರೆಯುಟ್ಟು, ಒಂದು ಚೀಟಿಯನ್ನೂ ನೋಡದೆ ಮಾತಾಡುತ್ತಿದ್ದೆ. ವೆಂಟಿಲೇಟರ್ ಮೇಲಿರುವವರು ಪೈಪು ಕಿತ್ತುಕೊಳ್ಳದಿರಲೆಂದು ನಾವು ಅವರ ಕೈಯನ್ನು ಮಂಚಕ್ಕೆ ಕಟ್ಟುತ್ತೇವಲ್ಲ, ಆ ರೂಢಿಯನ್ನು ನಿನ್ನ ವಾರ್ಡು ಎಂಟು ತಿಂಗಳಲ್ಲಿ ಅರ್ಧಕ್ಕಿಳಿಸಿತ್ತು. ಕಟ್ಟುವ ಮೊದಲು ನೋಡಬೇಕು: ನೋವಿದೆಯೇ, ಮೂತ್ರ ಕಟ್ಟಿದೆಯೇ, ಎಲ್ಲಿದ್ದೇನೆಂದು ತಿಳಿಯದೆ ಹೆದರಿದ್ದಾರೆಯೇ. ಗಾಂಧಿ ಗಂಜ ಮಾರುಕಟ್ಟೆಯ ಹಮಾಲನೊಬ್ಬ ಎರಡು ದಿನ ಒದ್ದಾಡಿ, ಬೆನ್ನ ಕೆಳಗೆ ಮಡಚಿಕೊಂಡಿದ್ದ ಚಾದರ ಸರಿಮಾಡಿದ ಕೂಡಲೇ ಸುಮ್ಮನಾದದ್ದನ್ನು ನೀನು ಹೇಳಿದಾಗ ದೊಡ್ಡ ಡಾಕ್ಟರರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ.

ಎದ್ದು ನಿಂತು ಎಲ್ಲರೆದುರು ಕೇಳಿದೆ: "ಬರೇ ಅರವತ್ತು ಪೇಶಂಟ್ ನೋಡಿ ಇಷ್ಟ್ ದೊಡ್ಡ ಮಾತು ಹ್ಯಾಂಗ ಹೇಳ್ತೀರಿ, ಸಿಸ್ಟರ್?"

ನಿನ್ನ ಮುಖ ಬಾಡುವುದನ್ನು ನೋಡಬೇಕಿತ್ತು ನನಗೆ. ನೀನು ನಕ್ಕೆ. "ಖರೇ ಅದರಿ. ಸಣ್ಣ ಅಧ್ಯಯನನೇ ಅದ. ಭಾಲ್ಕಿದಾಗ ನೀವೂ ಮಾಡ್ರಿ, ಕೂಡಿ ದೊಡ್ಡದಾಗ್ತದ."

ಮತ್ತೆ ಚಪ್ಪಾಳೆ. ನಾನೂ ತಟ್ಟಿದೆ.

ಊರಿಗೆ ಹೋದರೂ ನೀನೇ. ಜೂನ್‌ನಲ್ಲಿ ನ್ಯುಮೋನಿಯಾ ಆಗಿ ಅವ್ವ ನಿನ್ನ ವಾರ್ಡಿನಲ್ಲಿ ಐದು ದಿನ ವೆಂಟಿಲೇಟರ್ ಮೇಲಿದ್ದಳಲ್ಲ, ಅಂದಿನಿಂದ, ತಪಾಸಣೆಗೆ ಕರೆದೊಯ್ಯುವಾಗ ಔರಾದ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅವಳದು ಅದೇ ಕಥೆ. "ನನ್ನ ಕೈ ಕಟ್ಟಿಹಾಕಿದ್ರು. ಮಹಾಮಾಯಾ ಬಂದು ಬಿಚ್ಚಿದಳು, ಅಂಗೈ ತಿಕ್ಕಿದಳು. 'ಅವ್ವಾ, ನೀವು ಬೀದರ ದವಾಖಾನಿದಾಗ ಇದ್ದೀರಿ, ಅಂಜಬ್ಯಾಡ್ರಿ' ಅಂದಳು." ನಾನು ನರ್ಸಾಗಿ ಹನ್ನೆರಡು ವರ್ಷವಾಯಿತು. ನನ್ನ ಬಗ್ಗೆ ಅವಳು ಯಾರಿಗೂ ಒಂದು ಕಥೆ ಹೇಳಿದ್ದಿಲ್ಲ.

ಮೊನ್ನೆ ನಮ್ಮಲ್ಲಿ ನಜಮೋದ್ದೀನ ಎಂಬ ಹಿರಿಯರು ಆಕ್ಸಿಜನ್ ಮಾಸ್ಕ್ ಕಿತ್ತೆಸೆಯುತ್ತಿದ್ದರು. ಅವರ ಕೈ ಕಟ್ಟಲು ಎತ್ತಿಕೊಂಡ ಬ್ಯಾಂಡೇಜನ್ನು ಕೆಳಗಿಟ್ಟು ಅವರ ಮಗಳನ್ನು ಒಳಗೆ ಕರೆದೆ. ಕಾಲು ಗಂಟೆಯಲ್ಲಿ ಶಾಂತರಾದರು. ನೀನು ಹೇಳಿದ್ದು ನಿಜವೆಂದು ಸಂತೋಷವಾಗಲಿಲ್ಲ ಮಹಾಮಾಯಾ. ನಿಜವಾಯಿತಲ್ಲಾ ಎಂದು ಸಂಕಟವಾಯಿತು. ಇರಲಿ, ನಿನ್ನ ಅಧ್ಯಯನದ ಫಾರಂಗಳನ್ನು ಕಳಿಸು. ಇಲ್ಲಿಯೂ ತುಂಬಿಸುತ್ತೇನೆ. ಆವತ್ತು ಕೇಳಿದ ಪ್ರಶ್ನೆಗೆ ಕ್ಷಮಿಸು.

ನಿನ್ನ ಕೆಲಸಕ್ಕೆ ಇನ್ನೂ ಹೆಸರು ಬರಲಿ. ನಿನ್ನ ಮಗಳು ಮಾನಸಿಗೆ ನಿನ್ನ ತಾಳ್ಮೆ ಬರಲಿ.

ನಿನ್ನ,
ಸಪನಾ

ತಾ.ಕ.: ಅವ್ವನ ಕೈ ಕಟ್ಟಿದ್ದು ನಿನ್ನ ಸಿಬ್ಬಂದಿಯಲ್ಲ, ನಾನು. ಅದು ನಮ್ಮಿಬ್ಬರಿಗೇ ಗೊತ್ತು. ಮಗಳೆಂದು ನೀನು ನನ್ನನ್ನು ಒಳಗೆ ಬಿಟ್ಟಿದ್ದೆ. ಅವ್ವ ಕೈ ಎತ್ತಿದಳು. ಪೈಪಿಗೇ ಎಂದುಕೊಂಡು, ಮುಖ ಕೂಡ ನೋಡದೆ ಗಂಟು ಬಿಗಿದೆ. ನನ್ನ ಕೈ ಹಿಡಿಯಲು ಎತ್ತಿದ್ದಳೋ ಏನೋ. ನೀನು ಬಂದು ಬಿಚ್ಚಿದೆ, ನನಗೆ ಒಂದು ಮಾತೂ ಅನ್ನಲಿಲ್ಲ, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಒಮ್ಮೆ ಬೈದಿದ್ದರೆ ನಿನ್ನನ್ನು ದ್ವೇಷಿಸುವುದು ಸುಲಭವಿತ್ತು. ಹೋದ ರವಿವಾರ ಅವ್ವನ ತಲೆ ಬಾಚುತ್ತಿದ್ದೆ. "ಕಟ್ಟಿದಾಕಿ ಯಾರೋ ಏನೋ," ಅಂದಳು, "ಆಕಿಗಿ ತಾಯಿ ಇರಲಿಲ್ಲೇನು, ಸಪನಾ?" ನಾನು ಬಾಚುತ್ತಲೇ ಇದ್ದೆ.